ಎನ್‌ಆರ್‌ಐ ಹೌದೋ ಅಲ್ಲವೋ? ಮೊದಲು ದಿನ ಎಣಿಸಿ

2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ, 2025 ಜಾರಿಗೆ ಬಂದಿದೆ. 1961ರಿಂದ ನಡೆದುಕೊಂಡು ಬಂದ ಹಳೇ ಕಾಯ್ದೆಯ ಜಾಗಕ್ಕೆ ಹೊಸದು ಬಂತು ಅಂದಕೂಡಲೇ ಹೊರದೇಶದಲ್ಲಿ ಕೆಲಸ ಮಾಡುವವರಲ್ಲಿ ಗಾಬರಿ ಶುರುವಾಗಿದೆ. ದುಬೈ ಸಂಬಳಕ್ಕೂ ಇನ್ನು ಇಲ್ಲಿ ತೆರಿಗೆ ಅಂತೆ, ವರ್ಷಕ್ಕೆ 120 ದಿನ ಊರಲ್ಲಿದ್ದರೆ ಎನ್‌ಆರ್‌ಐ ಪಟ್ಟ ಹೋಯಿತಂತೆ, ಹೀಗೆ ಅರ್ಧ ಸತ್ಯ, ಅರ್ಧ ಊಹೆ ಸೇರಿದ ಮಾತುಗಳು ಒಬ್ಬರಿಂದ ಒಬ್ಬರಿಗೆ ಹೋಗುತ್ತಿವೆ.

ಇದಕ್ಕೂ ಮೊದಲೇ ಇನ್ನೊಂದು ಸುದ್ದಿ ಬಂದಿತ್ತು. 2025ರ ನವೆಂಬರ್ 28ರಿಂದ ಆದಾಯ ತೆರಿಗೆ ಇಲಾಖೆ ಕೆಲವರಿಗೆ ಎಸ್‌ಎಂಎಸ್, ಇಮೇಲ್ ಕಳಿಸತೊಡಗಿತು. ನಿಮಗೆ ಹೊರದೇಶದಲ್ಲಿ ಆಸ್ತಿ ಇರುವ ಹಾಗೆ ಮಾಹಿತಿ ಬಂದಿದೆ, ರಿಟರ್ನ್‌ನಲ್ಲಿ ತೋರಿಸಿಲ್ಲ, ಸರಿಪಡಿಸಿಕೊಳ್ಳಿ ಎಂಬುದು ಅದರ ಸಾರ. 2024ರ ನವೆಂಬರ್‌ನಲ್ಲಿ ಇದೇ ಕೆಲಸ ಮೊದಲ ಸಲ ಮಾಡಿದಾಗ 24,678 ಜನ ತಮ್ಮ ರಿಟರ್ನ್ ಸರಿಮಾಡಿಕೊಂಡರು, 29,208 ಕೋಟಿ ರೂಪಾಯಿಯ ವಿದೇಶಿ ಆಸ್ತಿ ಲೆಕ್ಕಕ್ಕೆ ಬಂತು ಎಂದು ಇಲಾಖೆ ಹೇಳಿತ್ತು.

ಈ ಎರಡೂ ಸುದ್ದಿ ಬೆರೆತು ಗೊಂದಲ ಜಾಸ್ತಿಯಾಗಿದೆ. ಬಿಡಿಸಿ ನೋಡಿದರೆ ಎಲ್ಲದರ ಬುಡದಲ್ಲಿರುವುದು ಒಂದೇ ಪ್ರಶ್ನೆ. ಆ ವರ್ಷ ನೀವು ಭಾರತದಲ್ಲಿ ಎಷ್ಟು ದಿನ ಇದ್ದಿರಿ? ಸಂಬಳ ಎಷ್ಟು, ಯಾವ ದೇಶ, ಯಾವ ಬ್ಯಾಂಕ್ ಅನ್ನೋದೆಲ್ಲ ಆಮೇಲಿನ ಮಾತು.

ಹೊಸ ಕಾಯ್ದೆ ಏನು ಬದಲಿಸಿತು?

ವಾಸದ ವಿಷಯದಲ್ಲಿ ಹೆಚ್ಚೇನೂ ಬದಲಾಗಿಲ್ಲ. ಯಾರು ನಿವಾಸಿ, ಯಾರು ಅನಿವಾಸಿ ಎಂಬ ನಿಯಮ ಹಳೇ ಕಾಯ್ದೆಯಲ್ಲೂ 6ನೇ ಸೆಕ್ಷನ್‌ನಲ್ಲಿತ್ತು, ಹೊಸದರಲ್ಲೂ 6ನೇ ಸೆಕ್ಷನ್‌ನಲ್ಲೇ ಇದೆ. 182 ದಿನ, 120 ದಿನ, 60 ದಿನ, ಈ ಅಂಕಿಗಳೂ ಹಾಗೇ ಉಳಿದಿವೆ.

ಬದಲಾಗಿದ್ದು ಮುಖ್ಯವಾಗಿ ಭಾಷೆ ಮತ್ತು ಜೋಡಣೆ. ಹಿಂದೆ ದುಡಿದ ವರ್ಷಕ್ಕೆ 'ಹಿಂದಿನ ವರ್ಷ', ಅದರ ಲೆಕ್ಕ ಕೊಡುವ ಮರುವರ್ಷಕ್ಕೆ 'ಅಸೆಸ್‌ಮೆಂಟ್ ವರ್ಷ' ಎಂದು ಎರಡು ವರ್ಷಗಳ ಹೆಸರು ಹೇಳಿ ಜನರ ತಲೆ ಕೆಡಿಸುತ್ತಿದ್ದರು. ಈಗ 'ತೆರಿಗೆ ವರ್ಷ' ಎಂಬ ಒಂದೇ ಹೆಸರು. 2026-27 ಮೊದಲ ತೆರಿಗೆ ವರ್ಷ.

ಇಲ್ಲಿ ಒಂದು ವಿಷಯ ಗಮನಿಸಬೇಕು. 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಆದಾಯಕ್ಕೆ ಈ ಸಲ ಹಾಕುವ ರಿಟರ್ನ್ ಹಳೇ ಕಾಯ್ದೆಯ ಪ್ರಕಾರವೇ ನಡೆಯುತ್ತದೆ. ಕಳೆದ ವರ್ಷ ಹೊರದೇಶಕ್ಕೆ ಹೋದವರಿಗೆ ಹಳೇ ಫಾರ್ಮ್, ಹಳೇ ಹೆಸರುಗಳೇ ಸಿಗುತ್ತವೆ. ಹೊಸ ಕಾಯ್ದೆಯ ಸುದ್ದಿ ಓದಿ ಈ ವರ್ಷದ ಫಾರ್ಮ್ ತುಂಬಲು ಕೂತರೆ ಪದಗಳೇ ತಾಳೆಯಾಗುವುದಿಲ್ಲ.

ಪಾಸ್‌ಪೋರ್ಟಿನ ಬಣ್ಣ ಲೆಕ್ಕಕ್ಕಿಲ್ಲ

ಕೆಲಸದ ವೀಸಾ ಸಿಕ್ಕಿದೆ, ಅಲ್ಲಿ ಮನೆ ಬಾಡಿಗೆಗೆ ತಗೊಂಡಿದ್ದೇನೆ, ಅಂದಮೇಲೆ ನಾನು ಎನ್‌ಆರ್‌ಐ. ಹೆಚ್ಚಿನವರು ಯೋಚಿಸುವುದು ಹೀಗೆ. ತೆರಿಗೆ ಕಾಯ್ದೆ ಹೀಗೆ ಯೋಚಿಸುವುದಿಲ್ಲ. ಏಪ್ರಿಲ್ 1ರಿಂದ ಮಾರ್ಚ್ 31ರ ತನಕ ನಿಮ್ಮ ಕಾಲು ಭಾರತದ ನೆಲದ ಮೇಲೆ ಎಷ್ಟು ದಿನ ಇತ್ತು ಅಂತ ಎಣಿಸುತ್ತದೆ. ಅದೂ ಪ್ರತಿ ವರ್ಷ ಹೊಸದಾಗಿ. ಕಳೆದ ವರ್ಷ ಅನಿವಾಸಿ ಆಗಿದ್ದವರು ಈ ವರ್ಷ ನಿವಾಸಿ ಆಗಬಹುದು, ಮುಂದಿನ ವರ್ಷ ಮತ್ತೆ ಅನಿವಾಸಿ ಆಗಬಹುದು.

ಮೂಲ ನಿಯಮದಲ್ಲಿ ಎರಡು ದಾರಿ ಇವೆ. ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಇಲ್ಲಿದ್ದರೆ ನಿವಾಸಿ. ಇಲ್ಲವೇ ಆ ವರ್ಷ ಕನಿಷ್ಠ 60 ದಿನ ಇದ್ದು, ಅದರ ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇದ್ದರೂ ನಿವಾಸಿಯೇ.

ಹುಟ್ಟಿದಾಗಿನಿಂದ ಇಲ್ಲೇ ಇದ್ದವರಿಗೆ ಆ 365 ದಿನ ಹೇಗೂ ತುಂಬಿರುತ್ತದೆ, ಅಲ್ವಾ? ಹಾಗಾದರೆ ಜೂನ್‌ನಲ್ಲಿ ವಿಮಾನ ಹತ್ತಿದವರೂ 60 ದಿನದ ಬಲೆಗೆ ಬೀಳಬೇಕಿತ್ತು. ಅದಕ್ಕೇ ಕಾಯ್ದೆ ಒಂದು ವಿನಾಯಿತಿ ಇಟ್ಟಿದೆ. ಭಾರತದ ಪ್ರಜೆ ಹೊರದೇಶದ ಉದ್ಯೋಗಕ್ಕಾಗಿ ದೇಶ ಬಿಟ್ಟು ಹೋದ ವರ್ಷದಲ್ಲಿ 60ರ ಬದಲು 182 ದಿನ ಎಂದೇ ಓದಿಕೊಳ್ಳಬೇಕು.

'ಉದ್ಯೋಗಕ್ಕಾಗಿ' ಎಂಬ ಮಾತಿಗೆ ಇಲ್ಲಿ ಬೆಲೆ ಇದೆ. ಸ್ವಂತ ವ್ಯವಹಾರಕ್ಕೆ ಹೋದವರೂ ಇದರಲ್ಲಿ ಸೇರುತ್ತಾರೆ ಎಂದು ಕೇರಳ ಹೈಕೋರ್ಟ್ ಹೇಳಿದೆ. ಆದರೆ ಗಂಡನ ಕೆಲಸದ ಮೇಲೆ ಜೊತೆಗೆ ಹೋದ ಹೆಂಡತಿ, ತನ್ನದೇ ಉದ್ಯೋಗ ಇಲ್ಲದಿದ್ದರೆ, ಈ ವಿನಾಯಿತಿ ಕೇಳುವುದು ಕಷ್ಟ. ಒಂದೇ ಮನೆಯಿಂದ ಒಂದೇ ವಿಮಾನದಲ್ಲಿ ಹೋದ ಇಬ್ಬರಲ್ಲಿ ಒಬ್ಬರು ಅನಿವಾಸಿ, ಇನ್ನೊಬ್ಬರು ನಿವಾಸಿ ಆಗಿಬಿಡಬಹುದು. ಆಕೆಯ ಹೆಸರಲ್ಲಿ ಎಫ್‌ಡಿ, ಷೇರು ಇದ್ದರೆ ರಿಟರ್ನ್ ಹಾಕುವಾಗ ಇದನ್ನು ಬೇರೆಯಾಗಿಯೇ ನೋಡಬೇಕು.

ಸೆಪ್ಟೆಂಬರ್ 28ರ ವಿಮಾನ, 29ರ ವಿಮಾನ

ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಎಣಿಸಿ ನೋಡಿ. ಏಪ್ರಿಲ್ 30, ಮೇ 31, ಜೂನ್ 30, ಜುಲೈ 31, ಆಗಸ್ಟ್ 31. ಇಲ್ಲಿಗೆ 153 ದಿನ. ಸೆಪ್ಟೆಂಬರ್‌ನ 28 ಸೇರಿಸಿದರೆ 181. ಅಂದರೆ ಸೆಪ್ಟೆಂಬರ್ 28ಕ್ಕೆ ಕೆಲಸಕ್ಕೆಂದು ಹೊರಟು, ಮಾರ್ಚ್ ಕೊನೆವರೆಗೆ ವಾಪಸ್ ಬರದವರು ಆ ವರ್ಷಕ್ಕೆ ಅನಿವಾಸಿ. 29ಕ್ಕೆ ಹೊರಟರೆ 182 ಆಯಿತು, ನಿವಾಸಿ.

ಒಂದು ದಿನದ ವ್ಯತ್ಯಾಸಕ್ಕೆ ಏನಾಗುತ್ತದೆ? ಅನಿವಾಸಿಗೆ ಭಾರತದಲ್ಲಿ ದುಡಿದ ಅಥವಾ ಭಾರತದಲ್ಲಿ ಕೈಗೆ ಬಂದ ಆದಾಯಕ್ಕೆ ಮಾತ್ರ ಇಲ್ಲಿ ತೆರಿಗೆ. ಪೂರ್ಣ ನಿವಾಸಿಗೆ ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ಅಷ್ಟಕ್ಕೂ ಇಲ್ಲಿ ಲೆಕ್ಕ ಕೊಡಬೇಕು. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಆರು ತಿಂಗಳ ವಿದೇಶಿ ಸಂಬಳ ಆ ಒಂದು ದಿನದಿಂದಾಗಿ ಇಲ್ಲಿನ ರಿಟರ್ನ್ ಒಳಗೆ ಬಂದುಬಿಡುತ್ತದೆ.

ಹೊರಟ ದಿನ, ಬಂದಿಳಿದ ದಿನ ಎರಡನ್ನೂ ಭಾರತದಲ್ಲಿದ್ದ ದಿನವೆಂದೇ ಎಣಿಸಿಕೊಳ್ಳುವುದು ಕ್ಷೇಮ. ಈ ಬಗ್ಗೆ ಮೊಕದ್ದಮೆಗಳೇ ನಡೆದಿವೆ. ದೀಪಾವಳಿಗೆ ಬಂದ 10 ದಿನ, ಯಾರದೋ ಮದುವೆಗೆ ಬಂದ ವಾರ, ಇವೂ ಸೇರುತ್ತವೆ. ಸೆಪ್ಟೆಂಬರ್ ಮೊದಲ ವಾರ ಹೋಗಿ, ಫೆಬ್ರವರಿಯಲ್ಲಿ ಒಂದು ತಿಂಗಳ ರಜೆಗೆ ಬಂದವರು ತಾವು ಅನಿವಾಸಿ ಅಂದುಕೊಂಡೇ ಇರುತ್ತಾರೆ. ಎಣಿಸಿ ನೋಡಿದರೆ 182 ದಾಟಿರುತ್ತದೆ.

ಕೊರೋನಾ ಕಾಲದಲ್ಲಿ ಇದು ದೊಡ್ಡದಾಗಿಯೇ ಕಾಣಿಸಿತು. 2020ರ ಮಾರ್ಚ್‌ನಲ್ಲಿ ವಿಮಾನ ನಿಂತು ಇಲ್ಲೇ ಸಿಕ್ಕಿಬಿದ್ದವರ ದಿನದ ಲೆಕ್ಕ ತಪ್ಪಿತು. 2019-20ರ ಸಾಲಿಗೆ ಆ ದಿನಗಳನ್ನು ಬಿಟ್ಟು ಎಣಿಸಿ ಎಂದು ನೇರ ತೆರಿಗೆ ಮಂಡಳಿ 2020ರ ಮೇ 8ರಂದು ಸುತ್ತೋಲೆಯನ್ನೇ ಹೊರಡಿಸಬೇಕಾಯಿತು.

120 ದಿನ, 15 ಲಕ್ಷ ಮತ್ತು ದುಬೈ ಸಂಬಳ

ಈಗ ಹೆಚ್ಚು ಹೆದರಿಸಿರುವ ವಿಷಯಕ್ಕೆ ಬರೋಣ. ಇದು ಹೊಸ ಕಾಯ್ದೆಯ ಕೂಸಲ್ಲ, 2020ರ ಬಜೆಟ್‌ನಲ್ಲಿ ಬಂದದ್ದು.

ಅಲ್ಲಿಯವರೆಗೆ ಹೊರಗೆ ನೆಲೆಸಿದ ಭಾರತೀಯರು ಊರಿಗೆ ಬಂದುಹೋಗುವಾಗ 181 ದಿನದವರೆಗೆ ಇದ್ದರೂ ಅನಿವಾಸಿಯಾಗಿಯೇ ಉಳಿಯುತ್ತಿದ್ದರು. 2020ರ ಬಜೆಟ್ ಇದನ್ನು 120 ದಿನಕ್ಕೆ ಇಳಿಸಲು ಹೊರಟಿತು. ಜೊತೆಗೆ, ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತದ ಪ್ರಜೆಯನ್ನು ಭಾರತದ ನಿವಾಸಿ ಎಂದೇ ಭಾವಿಸುವ ಇನ್ನೊಂದು ನಿಯಮ ತಂದಿತು. ಕೊಲ್ಲಿ ದೇಶಗಳಲ್ಲಿ ಸಂಬಳಕ್ಕೆ ಆದಾಯ ತೆರಿಗೆಯೇ ಇಲ್ಲವಲ್ಲ. ಹಾಗಾದರೆ ಅಲ್ಲಿ ದುಡಿಯುವ ನರ್ಸು, ಡ್ರೈವರ್, ಎಂಜಿನಿಯರ್ ಎಲ್ಲರೂ ಸಿಕ್ಕಿಬೀಳುತ್ತಾರಾ ಎಂಬ ಭಯ ಹಬ್ಬಿತು. ಬಜೆಟ್ ಮಂಡನೆಯಾದ ಮರುದಿನ, ಫೆಬ್ರವರಿ 2ರಂದೇ, ಕೊಲ್ಲಿ ದೇಶಗಳಲ್ಲಿ ಪ್ರಾಮಾಣಿಕವಾಗಿ ದುಡಿಯುವವರ ಸಂಬಳಕ್ಕೆ ಕೈ ಹಾಕುವ ಉದ್ದೇಶ ಇಲ್ಲ ಎಂದು ಮಂಡಳಿ ಸ್ಪಷ್ಟನೆ ಕೊಟ್ಟಿತು. ಮಾರ್ಚ್‌ನಲ್ಲಿ ಮಸೂದೆ ಪಾಸಾಗುವ ಹೊತ್ತಿಗೆ ಎರಡೂ ನಿಯಮಕ್ಕೆ 15 ಲಕ್ಷದ ಮಿತಿ ಸೇರಿತ್ತು.

ಅದರಂತೆ, ವಿದೇಶಿ ಮೂಲದ ಆದಾಯ ಬಿಟ್ಟು, ಇಲ್ಲಿನ ಬಾಡಿಗೆ, ಬಡ್ಡಿ, ಷೇರಿನ ಲಾಭ ಇತ್ಯಾದಿ ಸೇರಿ ವರ್ಷಕ್ಕೆ 15 ಲಕ್ಷ ರೂಪಾಯಿ ದಾಟಿದವರಿಗೆ ಮಾತ್ರ 120 ದಿನದ ನಿಯಮ. ಅವರಿಗೂ ಹಿಂದಿನ 4 ವರ್ಷಗಳಲ್ಲಿ 365 ದಿನ ಆಗಿರಬೇಕು. ದುಬೈ ಸಂಬಳ ಈ 15 ಲಕ್ಷದಲ್ಲಿ ಸೇರುವುದಿಲ್ಲ. ಹೊರದೇಶದ ದುಡಿಮೆಯನ್ನು ಇಲ್ಲಿ ಇಡಲು ಅನಿವಾಸಿಗೆ ಇರುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆ ವಿನಾಯಿತಿ ಇರುವುದರಿಂದ ಅದೂ ಸೇರುವುದಿಲ್ಲ. ಊರಲ್ಲಿ ಒಂದು ಮನೆ ಬಾಡಿಗೆಗೆ ಕೊಟ್ಟು, ಉಳಿಸಿದ್ದನ್ನು ಎನ್‌ಆರ್‌ಇ ಎಫ್‌ಡಿಯಲ್ಲಿ ಇಟ್ಟವರಿಗೆ ಈ ನಿಯಮ ಹತ್ತಿರವೂ ಬರುವುದಿಲ್ಲ.

ಸರಿ, 15 ಲಕ್ಷ ದಾಟಿದವರ ಕತೆ ಏನು? ಜನ ತಪ್ಪು ತಿಳಿದುಕೊಂಡಿರುವುದು ಇಲ್ಲೇ. 120ರಿಂದ 181 ದಿನದ ನಡುವೆ ಸಿಕ್ಕಿಕೊಂಡವರಾಗಲಿ, ಎಲ್ಲೂ ತೆರಿಗೆ ಇಲ್ಲದ ಕಾರಣಕ್ಕೆ 'ನಿವಾಸಿ ಎಂದು ಭಾವಿಸಲ್ಪಟ್ಟವರಾಗಲಿ', ಇಬ್ಬರಿಗೂ ಸಿಗುವುದು ಪೂರ್ಣ ನಿವಾಸಿಯ ಸ್ಥಾನವಲ್ಲ. ಅವರು 'ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ' ಎಂಬ ನಡುವಿನ ಗುಂಪಿಗೆ ಸೇರುತ್ತಾರೆ. ಆಡಿಟರ್‌ಗಳ ಬಾಯಲ್ಲಿ ಇದು ಆರ್‌ಎನ್‌ಒಆರ್. ಈ ಗುಂಪಿನವರು ಹೊರದೇಶದಲ್ಲಿ ದುಡಿದು ಅಲ್ಲೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆ ಕಟ್ಟಬೇಕಾಗಿಲ್ಲ. ಭಾರತದಿಂದ ನಡೆಸುವ ವ್ಯಾಪಾರದ ವಿದೇಶಿ ಲಾಭ ಇದ್ದರೆ ಅದಕ್ಕೆ ಕಟ್ಟಬೇಕು. ನಿಯಮದ ಗುರಿಯೇ ಅದು.

ಹಾಗಾಗಿ ದುಬೈ ಸಂಬಳ ಇಲ್ಲಿ ತೆರಿಗೆಗೆ ಬೀಳಬೇಕಾದರೆ ಆ ವರ್ಷ ನೀವು ಪೂರ್ಣ ನಿವಾಸಿ ಆಗಿರಬೇಕು. ಹೊರಟ ವರ್ಷ ಮತ್ತು ಮರಳಿ ಬಂದ ವರ್ಷ, ಇವೆರಡರಲ್ಲೇ ಅದು ಹೆಚ್ಚಾಗಿ ಆಗುವುದು. ಆಗ ನೋವೂ ಜಾಸ್ತಿ. ಅಲ್ಲಿ ತೆರಿಗೆ ಕಟ್ಟಿಲ್ಲವಾದ್ದರಿಂದ ಇಲ್ಲಿನ ತೆರಿಗೆಯಲ್ಲಿ ಕಳೆಯಲು ಏನೂ ಇರುವುದಿಲ್ಲ, ಪೂರ್ತಿ ತೆರಿಗೆ ಇಲ್ಲೇ ಕಟ್ಟಬೇಕು.

ಯಾರ ವಾದ ಏನು?

ಸರಕಾರದ ವಾದ ಅರ್ಥವಾಗದ್ದೇನಲ್ಲ. ದೊಡ್ಡ ವ್ಯವಹಾರ ಇಲ್ಲೇ ನಡೆಸುತ್ತಾ, ವರ್ಷಕ್ಕೆ ಸರಿಯಾಗಿ ಲೆಕ್ಕ ಹಾಕಿ 180 ದಿನ ಇಲ್ಲಿ, ಉಳಿದದ್ದನ್ನು ಮೂರ್ನಾಲ್ಕು ದೇಶಗಳಲ್ಲಿ ಕಳೆದು ಎಲ್ಲೂ ನಿವಾಸಿ ಆಗದೆ ಉಳಿಯುವ ಶ್ರೀಮಂತರಿದ್ದಾರೆ. ಜಗತ್ತಿನ ಯಾವ ಸರಕಾರಕ್ಕೂ ಇವರು ಪೂರ್ತಿ ತೆರಿಗೆ ಕಟ್ಟುವುದಿಲ್ಲ. ಇಲ್ಲಿನ ರಸ್ತೆ, ಕೋರ್ಟು, ಮಾರುಕಟ್ಟೆ ಬಳಸಿಕೊಂಡೇ ದುಡ್ಡು ಮಾಡುವವರು ಪಾಲು ಕೊಡಲಿ ಅನ್ನುವುದು ನ್ಯಾಯವೇ.

ಹೊರಗಿರುವವರ ಆತಂಕ ಬೇರೆ. ಭಾರತ ಈವರೆಗೆ ತೆರಿಗೆ ಹಾಕಿದ್ದು ವಾಸ ನೋಡಿ. ಪೌರತ್ವ ನೋಡಿ ತೆರಿಗೆ ಹಾಕುವ ದೇಶಗಳು ಜಗತ್ತಿನಲ್ಲಿ ತೀರಾ ಕಡಿಮೆ, ಅಮೆರಿಕ ಮತ್ತು ಎರಿಟ್ರಿಯಾ ಎದ್ದು ಕಾಣುವ ಉದಾಹರಣೆಗಳು. 'ಭಾರತದ ಪ್ರಜೆ' ಎಂಬ ಕಾರಣಕ್ಕೆ ನಿವಾಸಿ ಎಂದು ಭಾವಿಸುವ 2020ರ ನಿಯಮ ಆ ದಿಕ್ಕಿನ ಮೊದಲ ಹೆಜ್ಜೆ, ಇಂದು 15 ಲಕ್ಷ ಇರುವ ಮಿತಿ ನಾಳೆ ಇಳಿಯಬಹುದು ಎಂಬುದು ಅವರ ಅಂಜಿಕೆ.

ನನಗೆ ಈ ಅಂಜಿಕೆಗಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. ತಪ್ಪಿಸಿಕೊಳ್ಳುವವರನ್ನು ಹಿಡಿಯಲು ಬರೆದ ನಿಯಮ ಒಂದರ ಮೇಲೊಂದು ಸೇರಿ ಎಷ್ಟು ಸಿಕ್ಕಾಗಿದೆ ಅಂದರೆ, ತಪ್ಪಿಸಿಕೊಳ್ಳುವ ಯೋಚನೆಯೇ ಇಲ್ಲದ ಸಂಬಳದಾರರೂ ತಾವು ಯಾರು ಎಂದು ತಿಳಿಯಲು ದುಡ್ಡು ಕೊಟ್ಟು ಸಲಹೆ ಕೇಳಬೇಕಾಗಿದೆ. ಶ್ರೀಮಂತರಿಗೆ ಸಲಹೆಗಾರರು ಇದ್ದೇ ಇರುತ್ತಾರೆ. ಮೊದಲ ಸಲ ಹೊರಗೆ ಹೋದ 26 ವರ್ಷದ ಹುಡುಗಿಗೆ ಯಾರಿದ್ದಾರೆ? ಹೊಸ ಕಾಯ್ದೆ ಭಾಷೆಯನ್ನು ಸರಳ ಮಾಡಿತು. ಈ ಲೆಕ್ಕವನ್ನು ಸರಳ ಮಾಡುವ ಅವಕಾಶ ಮಾತ್ರ ಕೈತಪ್ಪಿತು.

ಎರಡು ದೇಶ, ಎರಡು ಕ್ಯಾಲೆಂಡರ್

ಡಿಸೆಂಬರ್ 10ಕ್ಕೆ ಜರ್ಮನಿಗೆ ಹೋದ ಎಂಜಿನಿಯರ್ ಒಬ್ಬರನ್ನು ತೆಗೆದುಕೊಳ್ಳಿ. ಭಾರತದಲ್ಲಿ 254 ದಿನ ಆಗಿದೆ, ಹಾಗಾಗಿ ಆ ವರ್ಷ ಇಲ್ಲಿನ ನಿವಾಸಿ. ಮಾರ್ಚ್‌ವರೆಗಿನ ಜರ್ಮನ್ ಸಂಬಳ ಇಲ್ಲಿನ ರಿಟರ್ನ್‌ಗೆ ಸೇರಬೇಕು. ಅಲ್ಲಿ ಪ್ರತಿ ತಿಂಗಳೂ ಸಂಬಳದಲ್ಲೇ ತೆರಿಗೆ ಹಿಡಿದಾಗಿದೆ. ಒಂದೇ ದುಡ್ಡಿಗೆ ಎರಡು ಸಲ ತೆರಿಗೆಯಾ?

ಇದನ್ನು ತಪ್ಪಿಸಲೆಂದೇ ಭಾರತ 90ಕ್ಕೂ ಹೆಚ್ಚು ದೇಶಗಳ ಜೊತೆ ಒಪ್ಪಂದ ಮಾಡಿಕೊಂಡಿದೆ. ಡಿಟಿಎಎ ಅನ್ನುವುದು ಇದನ್ನೇ. ಸಂಬಳದ ಮಟ್ಟಿಗೆ ಅದರ ಮೂಲ ಸೂತ್ರ ಸುಲಭ. ಕೆಲಸ ಎಲ್ಲಿ ಮಾಡಿದಿರೋ ಆ ದೇಶಕ್ಕೆ ತೆರಿಗೆ ಹಾಕುವ ಹಕ್ಕಿದೆ. ನೀವು ನಿವಾಸಿಯಾಗಿರುವ ದೇಶ ಆ ತೆರಿಗೆಯನ್ನು ತನ್ನ ತೆರಿಗೆಯಲ್ಲಿ ವಜಾ ಮಾಡಿಕೊಡಬೇಕು.

ವಜಾ ಅಂದರೆ ಎಲ್ಲವೂ ವಾಪಸ್ ಅಂತಲ್ಲ. ಆ ಜರ್ಮನ್ ಸಂಬಳದ ಮೇಲೆ ಅಲ್ಲಿ 3 ಲಕ್ಷ ಕಟ್ಟಿದ್ದು, ಇಲ್ಲಿನ ಲೆಕ್ಕದಲ್ಲಿ ಅದೇ ಸಂಬಳಕ್ಕೆ ತೆರಿಗೆ ಎರಡೂವರೆ ಲಕ್ಷ ಆಗುವುದಾದರೆ ಎರಡೂವರೆ ಲಕ್ಷ ಮಾತ್ರ ವಜಾ. ಉಳಿದ 50 ಸಾವಿರವನ್ನು ಭಾರತ ಹಿಂದಿರುಗಿಸುವುದಿಲ್ಲ. ಅಲ್ಲಿ 2 ಲಕ್ಷವಷ್ಟೇ ಕಟ್ಟಿದ್ದರೆ ಮಿಕ್ಕ 50 ಸಾವಿರ ಇಲ್ಲಿ ಕಟ್ಟಬೇಕು. ಒಟ್ಟಿನಲ್ಲಿ ಎರಡರಲ್ಲಿ ಯಾವ ದೇಶದ ತೆರಿಗೆ ಜಾಸ್ತಿಯೋ ಅಷ್ಟು ಹೊರೆ ಬಿದ್ದೇ ಬೀಳುತ್ತದೆ.

ಕ್ಯಾಲೆಂಡರ್‌ನ ತೊಡಕು ಇಲ್ಲಿ ಶುರುವಾಗುತ್ತದೆ. ನಮ್ಮ ವರ್ಷ ಏಪ್ರಿಲ್‌ನಿಂದ ಮಾರ್ಚ್. ಜರ್ಮನಿ, ಅಮೆರಿಕದ್ದು ಜನವರಿಯಿಂದ ಡಿಸೆಂಬರ್. ಬ್ರಿಟನ್‌ದು ಏಪ್ರಿಲ್ 6ರಿಂದ ಏಪ್ರಿಲ್ 5, ಆಸ್ಟ್ರೇಲಿಯಾದ್ದು ಜುಲೈಯಿಂದ ಜೂನ್. ಜನವರಿಯಿಂದ ಮಾರ್ಚ್‌ವರೆಗಿನ ಸಂಬಳಕ್ಕೆ ಜರ್ಮನಿಯಲ್ಲಿ ಅಂತಿಮ ತೆರಿಗೆ ಎಷ್ಟೆಂದು ಗೊತ್ತಾಗುವುದು ಅಲ್ಲಿನ ವರ್ಷ ಮುಗಿದು ರಿಟರ್ನ್ ಹಾಕಿದ ಮೇಲೆ. ನಮ್ಮ ಕೊನೇ ದಿನ ಜುಲೈ 31. ಅಲ್ಲಿನ ಅಂತಿಮ ಕಾಗದ ಕೈಗೆ ಬರುವ ಮೊದಲೇ ಇಲ್ಲಿ ವಜಾ ಕೇಳಬೇಕು.

ಅದಕ್ಕೆ ದಾರಿ ಇದೆ. ಹಳೇ ಕಾಯ್ದೆಯ ಪ್ರಕಾರ ಹಾಕುವ ರಿಟರ್ನ್‌ನಲ್ಲಿ ವಜಾ ಕೇಳಲು ಫಾರ್ಮ್ 67 ಸಲ್ಲಿಸಬೇಕು. ಅಲ್ಲಿನ ತೆರಿಗೆ ಇಲಾಖೆಯ ಪತ್ರವೇ ಬೇಕೆಂದಿಲ್ಲ, ತೆರಿಗೆ ಹಿಡಿದ ಕಂಪನಿಯ ಪತ್ರ ನಡೆಯುತ್ತದೆ, ಕಟ್ಟಿದ ಪುರಾವೆ ಇಟ್ಟು ನೀವೇ ಸಹಿ ಮಾಡಿದ ಹೇಳಿಕೆಯೂ ನಡೆಯುತ್ತದೆ. ಹಾಗಾಗಿ ಸಂಬಳದ ಚೀಟಿಗಳನ್ನು ತಿಂಗಳು ತಿಂಗಳು ಉಳಿಸಿಕೊಳ್ಳಿ, ಕೆಲಸ ಬಿಟ್ಟಮೇಲೆ ಕಂಪನಿಯ ಪೋರ್ಟಲ್ ತೆರೆಯುವುದಿಲ್ಲ. ವಿದೇಶಿ ಸಂಬಳವನ್ನು ರೂಪಾಯಿಗೆ ತಿರುಗಿಸುವಾಗ ಗೂಗಲ್‌ನಲ್ಲಿ ಕಂಡ ದರ ಹಾಕುವ ಹಾಗಿಲ್ಲ. ಸಂಬಳ ಸಲ್ಲಬೇಕಾದ ತಿಂಗಳ ಹಿಂದಿನ ತಿಂಗಳ ಕೊನೇ ದಿನದ ಎಸ್‌ಬಿಐ ಟಿಟಿ ಖರೀದಿ ದರ (ವಿದೇಶಿ ಹಣವನ್ನು ಬ್ಯಾಂಕ್ ಕೊಳ್ಳುವ ದರ) ಹಾಕಬೇಕು.

ಫಾರ್ಮ್ 67 ತಡವಾಯಿತೆಂದು ವಜಾ ನಿರಾಕರಿಸಿದ ಪ್ರಕರಣಗಳು ಬಹಳ ಇದ್ದವು. ಒಪ್ಪಂದದಿಂದ ಬಂದ ಹಕ್ಕನ್ನು ಒಂದು ಫಾರ್ಮ್ ತಡವಾದ ಕಾರಣಕ್ಕೆ ಕಿತ್ತುಕೊಳ್ಳಲಾಗದು ಎಂದು ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಹೇಳಿದೆ. 2022ರಲ್ಲಿ ನಿಯಮವನ್ನೇ ಸಡಿಲಿಸಿ, ರಿಟರ್ನ್ ಗಡುವಿನೊಳಗೆ ಹಾಕಿದ್ದರೆ ಅಸೆಸ್‌ಮೆಂಟ್ ವರ್ಷ ಮುಗಿಯುವವರೆಗೂ ಫಾರ್ಮ್ ಕೊಡಬಹುದು ಎಂದಾಯಿತು. ಹಾಗಂತ ಕಾಯುತ್ತಾ ಕೂರಬೇಡಿ. ರಿಟರ್ನ್ ಪರಿಶೀಲನೆಗೆ ಹೋಗುವಾಗ ಫಾರ್ಮ್ ಇಲ್ಲದಿದ್ದರೆ ಕಂಪ್ಯೂಟರ್ ಮೊದಲು ತೆರಿಗೆ ಬಾಕಿ ಅಂತಲೇ ತೋರಿಸುತ್ತದೆ.

ಎರಡೂ ದೇಶಗಳು ಇವರು ನಮ್ಮ ನಿವಾಸಿ ಎಂದು ಹಟ ಹಿಡಿದರೆ? ಒಪ್ಪಂದದಲ್ಲಿ ಅದಕ್ಕೂ ಮೆಟ್ಟಿಲುಗಳಿವೆ. ಕಾಯಂ ಮನೆ ಎಲ್ಲಿದೆ, ಕುಟುಂಬ ಮತ್ತು ಹಣಕಾಸಿನ ನಂಟು ಎಲ್ಲಿ ಗಟ್ಟಿ, ಹೆಚ್ಚಾಗಿ ಇರುವುದೆಲ್ಲಿ, ಕೊನೆಗೆ ಪೌರತ್ವ ಯಾವುದು ಎಂದು ಒಂದೊಂದಾಗಿ ನೋಡುತ್ತಾರೆ. ವರ್ಷವನ್ನು ಎರಡು ತುಂಡು ಮಾಡಿ, ಹೋಗುವ ತನಕ ಭಾರತ, ಹೋದ ಮೇಲೆ ಆ ದೇಶ ಎಂದು ವಾದಿಸಿ ಗೆದ್ದವರೂ ಇದ್ದಾರೆ. ಆದರೆ ಗೆಲುವು ಸಿಕ್ಕಿದ್ದು ನ್ಯಾಯಮಂಡಳಿಯಲ್ಲಿ. ಅಲ್ಲಿಗೆ ಮುಟ್ಟಲು ವರ್ಷಗಳೇ ಬೇಕು.

ಸಂಬಳ ಇಲ್ಲಿ, ಕೆಲಸ ಅಲ್ಲಿ

ಐಟಿ ಕಂಪನಿಗಳು ಆನ್‌ಸೈಟ್ ಕಳಿಸುವಾಗ ಎಷ್ಟೋ ಸಲ ಇಲ್ಲಿನ ಸಂಬಳ, ಪಿಎಫ್ ಹಾಗೇ ಮುಂದುವರಿಯುತ್ತದೆ, ಅಲ್ಲಿ ಖರ್ಚಿಗೆ ಬೇರೆ ಭತ್ಯೆ ಸಿಗುತ್ತದೆ. ಇಲ್ಲಿನ ಸಂಬಳಕ್ಕೆ ಕಂಪನಿ ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತದೆ. ಕೆಲಸ ಅಲ್ಲಿ ನಡೆದಿರುವುದರಿಂದ ಆ ದೇಶವೂ ಅದೇ ಸಂಬಳಕ್ಕೆ ತೆರಿಗೆ ಕೇಳಬಹುದು. ಹೊರಗೆ ಮಾಡಿದ ಕೆಲಸದ ಸಂಬಳ ಅನಿವಾಸಿಯ ಭಾರತದ ಖಾತೆಗೆ ಬಿದ್ದಮಾತ್ರಕ್ಕೆ ಇಲ್ಲಿ ತೆರಿಗೆ ಬೀಳುತ್ತದೆಯೇ ಎಂಬುದು ವರ್ಷಗಳಿಂದ ಕೋರ್ಟು ಕಚೇರಿ ಸುತ್ತಿದ ವಿವಾದ. ಕೆಲಸ ನಡೆದ ಜಾಗವೇ ಮುಖ್ಯ ಎಂದು ನೌಕರರ ಪರ ಬಂದ ತೀರ್ಪುಗಳಿವೆ, ಆದರೂ ಹಿಡಿದ ಟಿಡಿಎಸ್ ವಾಪಸ್ ಪಡೆಯಲು ರಿಟರ್ನ್ ಹಾಕಿ ದಾಖಲೆ ತೋರಿಸಲೇಬೇಕು.

ಇದರ ತಿರುಗುಮುರುಗೂ ಈಗ ಸಾಮಾನ್ಯವಾಗಿದೆ. ಅಮ್ಮನಿಗೆ ಹುಷಾರಿಲ್ಲವೆಂದು ಎರಡು ತಿಂಗಳಿಗೆ ಬಂದು, ಲ್ಯಾಪ್‌ಟಾಪ್ ತೆರೆದು ವಿದೇಶಿ ಕಂಪನಿಯ ಕೆಲಸ ಇಲ್ಲಿಂದಲೇ ಮಾಡುತ್ತಾರೆ. ಸಂಬಳ ಬೀಳುವುದು ಅಲ್ಲಿನ ಖಾತೆಗೆ. ದಿನದ ಲೆಕ್ಕದಲ್ಲಿ ಅನಿವಾಸಿಯೇ. ಆದರೂ ಆ ಎರಡು ತಿಂಗಳ ದುಡಿಮೆ ನಡೆದಿದ್ದು ಭಾರತದ ನೆಲದಲ್ಲಿ, ಆದ್ದರಿಂದ ಅಷ್ಟು ಸಂಬಳ ಭಾರತದಲ್ಲಿ ಹುಟ್ಟಿದ ಆದಾಯ. ಒಪ್ಪಂದ ಇರುವ ದೇಶದ ನಿವಾಸಿ, ಇಲ್ಲಿದ್ದದ್ದು 183 ದಿನದೊಳಗೆ, ಸಂಬಳ ಕೊಟ್ಟಿದ್ದು ವಿದೇಶಿ ಕಂಪನಿ, ಅದರ ಭಾರತದ ಶಾಖೆಯ ಲೆಕ್ಕಕ್ಕೆ ಆ ಖರ್ಚು ಬಿದ್ದಿಲ್ಲ. ಇಷ್ಟೂ ಕೂಡಿ ಬಂದರೆ ತೆರಿಗೆಯಿಂದ ಬಿಡುಗಡೆ ಇದೆ. ಒಂದು ತಪ್ಪಿದರೂ ಇಲ್ಲ.

ಅನಿವಾಸಿ ಆದರೆ ಸಿಗದ ಸೌಲಭ್ಯಗಳು

ಅನಿವಾಸಿ ಆದರೆ ತೆರಿಗೆ ಕಡಿಮೆ ಅನ್ನುವ ನಂಬಿಕೆ ಪೂರ್ತಿ ನಿಜವಲ್ಲ. 12 ಲಕ್ಷದವರೆಗೆ ತೆರಿಗೆ ಇಲ್ಲ ಎಂದು ಎಲ್ಲೆಡೆ ಹೇಳುತ್ತಾರಲ್ಲ, ಅದು ರಿಬೇಟ್‌ನಿಂದ, ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ ಸಿಗುವ ರಿಯಾಯಿತಿಯಿಂದ ಬರುವುದು, ಮತ್ತು ಆ ರಿಬೇಟ್ ನಿವಾಸಿಗಳಿಗೆ ಮಾತ್ರ. ಬಾಡಿಗೆ, ಬಡ್ಡಿ ಸೇರಿ ತೆರಿಗೆಗೆ ಒಳಪಡುವ ಆದಾಯ 9 ಲಕ್ಷ ಇರುವ ನಿವಾಸಿ ಹೊಸ ತೆರಿಗೆ ಪದ್ಧತಿಯಲ್ಲಿ ಏನೂ ಕಟ್ಟುವುದಿಲ್ಲ. ಅಷ್ಟೇ ಆದಾಯದ ಅನಿವಾಸಿ ಸೆಸ್ ಸೇರಿ 31,200 ರೂಪಾಯಿ ಕಟ್ಟಬೇಕು.

ಬಾಡಿಗೆದಾರರಿಗೂ ಇದು ತಟ್ಟುತ್ತದೆ. ಮನೆ ಮಾಲೀಕರು ಅನಿವಾಸಿ ಆದರೆ ಬಾಡಿಗೆ ಕೊಡುವವರು ಟಿಡಿಎಸ್ ಹಿಡಿಯಬೇಕು, ಸಾಮಾನ್ಯವಾಗಿ 31.2 ಶೇಕಡಾ. ನಿವಾಸಿ ಮಾಲೀಕರಿಗೆ ಇರುವ ಕನಿಷ್ಠ ಮಿತಿ ಇಲ್ಲಿಲ್ಲ. ಮಾಲೀಕರು ಹೇಳಿರುವುದಿಲ್ಲ, ಬಾಡಿಗೆದಾರರಿಗೆ ಗೊತ್ತಿರುವುದಿಲ್ಲ, ನೋಟಿಸ್ ಮಾತ್ರ ಬಾಡಿಗೆದಾರರಿಗೇ ಬರುತ್ತದೆ. ಆಸ್ತಿ ಮಾರುವಾಗಲೂ ವ್ಯತ್ಯಾಸ ಇದೆ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಮನೆ, ಸೈಟು ಮಾರುವ ನಿವಾಸಿಗೆ ಹಳೇ ಇಂಡೆಕ್ಸೇಶನ್ ಲೆಕ್ಕದ (ಕೊಂಡ ಬೆಲೆಯನ್ನು ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸಿ ಲಾಭ ಎಣಿಸುವ) ಆಯ್ಕೆ ಉಳಿದಿದೆ, ಅನಿವಾಸಿಗೆ ಇಲ್ಲ.

ಬ್ಯಾಂಕಿನ ಲೆಕ್ಕ ಇನ್ನೂ ಬೇರೆ. ವಿದೇಶಿ ವಿನಿಮಯದ ಕಾಯ್ದೆ ಫೆಮಾ ದಿನ ಎಣಿಸುತ್ತಾ ಕೂರುವುದಿಲ್ಲ, ಉದ್ಯೋಗಕ್ಕೆಂದು ದೇಶ ಬಿಟ್ಟ ದಿನದಿಂದಲೇ ನಿಮ್ಮನ್ನು ಹೊರಗಿನವರೆಂದು ನೋಡುತ್ತದೆ. ಡಿಸೆಂಬರ್‌ನಲ್ಲಿ ಹೋದವರು ತೆರಿಗೆಗೆ ನಿವಾಸಿ, ಬ್ಯಾಂಕಿಗೆ ಅನಿವಾಸಿ. ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಯ ಇಲ್ಲಿನ ಆದಾಯಕ್ಕೆ ಇರುವ ಖಾತೆ) ಮಾಡಿಸಲೇಬೇಕು, ಆದರೆ ಎನ್‌ಆರ್‌ಒ ಆಯಿತೆಂದು ರಿಟರ್ನ್‌ನಲ್ಲಿ ಅನಿವಾಸಿ ಎಂದು ಟಿಕ್ ಹಾಕಿದರೆ ತಪ್ಪಾಗುತ್ತದೆ.

ವಾಪಸ್ ಬಂದವರಿಗೆ ಬಂದ ಎಸ್‌ಎಂಎಸ್

ನವೆಂಬರ್‌ನ ಆ ಸಂದೇಶಗಳ ಹಿಂದೆ ಯಾವ ಗೂಢಚರ್ಯೆಯೂ ಇಲ್ಲ. ಬೇರೆ ದೇಶಗಳ ಬ್ಯಾಂಕುಗಳು ವಿದೇಶಿಯರ ಖಾತೆಯ ವಿವರವನ್ನು ಅಲ್ಲಿನ ಸರಕಾರಕ್ಕೆ ಕೊಡುತ್ತವೆ, ಆ ಸರಕಾರ ಅದನ್ನು ಭಾರತಕ್ಕೆ ಕಳಿಸುತ್ತದೆ. ಸಿಆರ್‌ಎಸ್ ಎಂಬ ಈ ವ್ಯವಸ್ಥೆಯಲ್ಲಿ ಭಾರತ 2017ರಿಂದ ಇದೆ. ಅಮೆರಿಕದ ಜೊತೆ 2015ರಲ್ಲೇ ಬೇರೆ ಒಪ್ಪಂದ ಆಗಿದೆ. ಮರೆತೇಹೋದ ಒಂದು ಖಾತೆಯಲ್ಲಿ 300 ಡಾಲರ್ ಉಳಿದಿದ್ದರೂ ಅದರ ಸಾಲು ಇಲಾಖೆಯ ಕಂಪ್ಯೂಟರ್‌ನಲ್ಲಿ ಇರಬಹುದು.

ಪೂರ್ಣ ನಿವಾಸಿ ಆದವರು ರಿಟರ್ನ್‌ನ ಎಫ್‌ಎ ಷೆಡ್ಯೂಲ್‌ನಲ್ಲಿ ಹೊರಗಿನ ಖಾತೆ, ಷೇರು, ಪಿಂಚಣಿ ನಿಧಿ ಎಲ್ಲವನ್ನೂ ತೋರಿಸಬೇಕು. ಒಂದು ರೂಪಾಯಿ ಆದಾಯ ಬರದಿದ್ದರೂ ತೋರಿಸಬೇಕು. ಈ ಒಂದು ಪುಟದಲ್ಲಿ ಮಾತ್ರ ಏಪ್ರಿಲ್-ಮಾರ್ಚ್ ಲೆಕ್ಕ ಇಲ್ಲ, ಡಿಸೆಂಬರ್‌ಗೆ ಮುಗಿಯುವ ವರ್ಷ. ಇದಕ್ಕೆ ಐಟಿಆರ್-1 ನಡೆಯುವುದಿಲ್ಲ, ಸಂಬಳದಾರರಿಗೆ ಐಟಿಆರ್-2 ಬೇಕು. ದೇಶ ಬಿಟ್ಟೇ ಹೋಗದೆ, ವಿದೇಶಿ ಮಾತೃಕಂಪನಿಯ ಷೇರು ಪಡೆದ ಇಲ್ಲಿನ ಉದ್ಯೋಗಿಗಳಿಗೂ ಇದೇ ನಿಯಮ.

ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷದೊಳಗೆ ಇದ್ದರೆ ಈ ದಂಡ ಬೇಡ ಎಂದು 2024ರ ಅಕ್ಟೋಬರ್ 1ರಿಂದ ಸಡಿಲಿಸಿದ್ದಾರೆ. ತೋರಿಸುವ ಕರ್ತವ್ಯ ಮಾತ್ರ ಹಾಗೇ ಇದೆ. ಕಳ್ಳಹಣ ಹಿಡಿಯಲು ಮಾಡಿದ ಕಾಯ್ದೆ ಸಂಬಳದ ಖಾತೆ ಮುಚ್ಚಲು ಮರೆತವರ ಮೇಲೂ ಎರಗುತ್ತಿತ್ತು, ಆದ್ದರಿಂದ ಈ ಸಡಿಲಿಕೆ ಬೇಕೇ ಇತ್ತು.

ವಾಪಸ್ ಬಂದಕೂಡಲೇ ಎಲ್ಲರೂ ಪೂರ್ಣ ನಿವಾಸಿ ಆಗುವುದಿಲ್ಲ. ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿದ್ದದ್ದು 729 ದಿನ ಅಥವಾ ಕಡಿಮೆ ಆಗಿದ್ದರೆ, ಇಲ್ಲವೇ ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿ ಆಗಿದ್ದರೆ ನಡುವಿನ ಆರ್‌ಎನ್‌ಒಆರ್ ಗುಂಪು. 8 ವರ್ಷ ಹೊರಗಿದ್ದು, ವರ್ಷಕ್ಕೆ 30 ದಿನ ಬಂದುಹೋಗುತ್ತಿದ್ದವರು ಅಕ್ಟೋಬರ್ 1ಕ್ಕೆ ಮರಳಿದರೆಂದುಕೊಳ್ಳಿ. ಆ ವರ್ಷವೂ, ಮರುವರ್ಷವೂ ಅವರು ಈ ಗುಂಪಿನಲ್ಲೇ. ಮೂರನೇ ವರ್ಷಕ್ಕೆ ಹಿಂದಿನ 7 ವರ್ಷದ ಲೆಕ್ಕ 150, 182, 365 ಸೇರಿ 697, ಜೊತೆಗೆ ಮರಳುವ ಮುನ್ನ ಅದೇ ವರ್ಷ ರಜೆಗೆ ಬಂದ ದಿನಗಳು. ಅವು 32 ದಾಟದಿದ್ದರೆ ಆ ವರ್ಷವೂ ಬಚಾವ್. ಹೊರಗಿನ ಷೇರು ಮಾರುವುದಿದ್ದರೆ, ಖಾತೆ ಮುಚ್ಚುವುದಿದ್ದರೆ ಈ ಎರಡು ಮೂರು ವರ್ಷವೇ ಒಳ್ಳೇ ಸಮಯ.

ಎರಡೇ ವರ್ಷ ಆನ್‌ಸೈಟ್ ಹೋಗಿ ಬಂದವರಿಗೆ ಈ ಅವಧಿ ಸಿಗುವುದಿಲ್ಲ. ಹಿಂದಿನ 7 ವರ್ಷದಲ್ಲಿ 5 ವರ್ಷ ಇಲ್ಲೇ ಇದ್ದವರು ಅವರು. ಕಾಯಂ ಆಗಿ ಮರಳುವವರದು 'ಭೇಟಿ' ಅಲ್ಲವಾದ್ದರಿಂದ ಅವರಿಗೆ 182ರ ರಿಯಾಯಿತಿಯೂ ಇಲ್ಲ, 60 ದಿನದ ನಿಯಮವೇ ಲಾಗೂ. ಫೆಬ್ರವರಿಗೆ 28 ದಿನ ಇರುವ ವರ್ಷ ಜನವರಿ 31ಕ್ಕೆ ಬಂದಿಳಿದರೆ ಮಾರ್ಚ್ 31ಕ್ಕೆ ಸರಿಯಾಗಿ 60 ದಿನ. ಆ ವರ್ಷ ಇಡೀ ದುಡಿದ ವಿದೇಶಿ ಸಂಬಳ, ಅಲ್ಲಿನ ಖಾತೆ, ಷೇರು ಎಲ್ಲವೂ ಇಲ್ಲಿನ ರಿಟರ್ನ್‌ಗೆ ಬರುತ್ತದೆ. ಫೆಬ್ರವರಿ 1ರ ವಿಮಾನ ಹಿಡಿದು, ಆ ವರ್ಷ ಮಧ್ಯೆ ಒಂದು ದಿನವೂ ಊರಿಗೆ ಬಂದಿರದಿದ್ದರೆ 59.

ಈ ದಿನಗಳನ್ನು ರುಜುವಾತು ಮಾಡುವ ಹೊಣೆ ರಿಟರ್ನ್ ಹಾಕುವವರದೇ. ಪಾಸ್‌ಪೋರ್ಟಿನ ವಲಸೆ ಮುದ್ರೆಯೇ ಮೊದಲ ಸಾಕ್ಷಿ. ಕೆಲವು ವಿಮಾನ ನಿಲ್ದಾಣಗಳಲ್ಲಿ ಈಗ ಯಂತ್ರದ ಗೇಟು ದಾಟಿದರೆ ಮುದ್ರೆಯೇ ಬೀಳುವುದಿಲ್ಲ, ಆಗ ಬೋರ್ಡಿಂಗ್ ಪಾಸ್, ಟಿಕೆಟ್ ಇಮೇಲ್ ಬೇಕಾಗುತ್ತದೆ. ಪಾಸ್‌ಪೋರ್ಟ್ ನವೀಕರಿಸುವ ಮುನ್ನ ಹಳೆಯದರ ಪ್ರತಿ ಪುಟವನ್ನೂ ಫೋಟೋ ತೆಗೆದಿಟ್ಟುಕೊಳ್ಳಿ.